ಮುಖ್ಯ ಪೆಟ್ಟಿಗೆ, ಸಾದಾ ಪೆಟ್ಟಿಗೆ

ಮನುಷ್ಯ ಸಮಾಜ ನಿಂತಿರುವುದೇ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುತ್ತದೆ ಎಂಬ ನಂಬಿಕೆಯ ಮೇಲೆ. ಬಲ್ಲವರು ಹೀಗೆ ಹೇಳುತ್ತಾರೆ. ಬೀಳ್ಕೊಡುಗೆ ಸಭೆಗಳಲ್ಲಿ ಶಾಲು ಹೊದ್ದುಕೊಂಡು ನಾನೂ ಹೇಳಿದ್ದುಂಟು. ಆದರೆ ಟೆಲಿಫೋನ್ ಕಂಬ ಹತ್ತಿ ಇಳಿದು ಅನ್ನ ತಿಂದವನಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು: ಹಾಗೆ ತಲುಪಿದ ಮಾತುಗಳಲ್ಲಿ ಹೆಚ್ಚಿನವು ‘ಹಲೋ, ಕೇಳಸಾಕತ್ತೈತೇನು?’ ಎಂಬುದೇ ಆಗಿದ್ದವು.

ಬೈಲಹೊಂಗಲದಲ್ಲಿ ಮಾರ್ಕೆಟ್ ಯಾರ್ಡಿನ ಹಿಂದೆ ನನ್ನದೊಂದು ರಿಪೇರಿ ಅಂಗಡಿ ಇದೆ. ಅಲ್ಲಿಗೆ ಒಂದು ಬೆಳಿಗ್ಗೆ ಇಬ್ಬರು ಬಂದರು. ಕುರ್ಚಿಯಲ್ಲಿ ಕೂತವರು ಏತ ನೀರಾವರಿ ಸಂಘವೊಂದರ ಚೇರಮನ್ನರು. ಬಾಗಿಲ ಬಳಿ ನಿಂತವರು ಅದೇ ಸಂಘದ ಪಂಪ್ ಆಪರೇಟರ್. ಐವತ್ತು ದಾಟಿದ ಮುಸಲ್ಮಾನ ಗೃಹಸ್ಥರು, ಊರೆಲ್ಲ ಅವರನ್ನು ಚಾಚಾ ಎನ್ನುತ್ತದೆ. ಸವದತ್ತಿ ದಾಟಿ ರಾಮದುರ್ಗದ ಕಡೆ ಹೋದರೆ ಹೊಳೆದಂಡೆಯಲ್ಲಿ ಇವರ ಪಂಪ್‌ಹೌಸ್. ಅಲ್ಲಿಂದ ನೀರು ಐದು ಕಿಲೋಮೀಟರು ಪೈಪಿನಲ್ಲಿ ಏರಿ, ಮೇಲಿನ ಊರಿನ ಅಂಚಿಗಿರುವ ಟಾಕಿಗೆ ಬೀಳಬೇಕು. ಟಾಕಿಯಿಂದ ಕಾಲುವೆ, ಕಾಲುವೆಯಿಂದ ಹೊಲ.

“ಹೊಳಿ ತೆಗ್ಗಿನ್ಯಾಗ ಫೋನ್ ಹತ್ತೂದಿಲ್ರಿ,” ಎಂದರು ಚೇರಮನ್ನರು. “ಟಾಕಿ ತುಂಬ್ತು ಅಂತ ಹೇಳಾಕ ಮ್ಯಾಲಿಂದ ಒಬ್ಬಾವ ಗಾಡಿ ಹೊಡಕೊಂಡ ಬರ್ಬೇಕು. ಅವ ಬರೂದ್ರಾಗ ಟಾಕಿ ಉಕ್ಕಿ ಕಾಲವಿ ದಂಡಿ ಕಿತ್ತಿರತೈತಿ. ಹೋದ ವರ್ಷ ಒಮ್ಮೆ ಕಿತ್ತೈತಿ. ಇನ್ನೊಮ್ಮೆ ಕಿತ್ರ ಇವನ್ನ ಮನಿಗಿ ಕಳಸೂದು ಅಂತ ಕಮಿಟಿ ಠರಾವ್ ಆಗೇತಿ.”

“ಮನಿ ದಾರಿ ನನಗ ಗೊತ್ತೈತ್ರಿ ಗೌಡ್ರ,” ಎಂದರು ಬಾಗಿಲಲ್ಲಿದ್ದವರು. “ಕಳಸಾಕ ಯಾರೂ ತ್ರಾಸ್ ತಗೊಳ್ಳೂದು ಬ್ಯಾಡ.”

ಆ ತನಕ ಅವರು ಕೈಗಡಿಯಾರ ನೋಡಿ ಅಂದಾಜಿನ ಮೇಲೆ ಪಂಪು ನಿಲ್ಲಿಸುತ್ತಿದ್ದರಂತೆ. ಸುಮಾರು ನಾಲ್ಕು ತಾಸಿಗೆ ಟಾಕಿ ತುಂಬುತ್ತದೆ. ಕರೆಂಟು ಸಪ್ಪೆಯಿದ್ದ ದಿನ ಮುಕ್ಕಾಲು ತುಂಬಿ, ಕಾಲುವೆಯ ಕೊನೆಯ ಹೊಲದವರು ಬಾಯಿಗೆ ಬಂದಂತೆ ಬೈಯುವರು. ಕರೆಂಟು ಚುರುಕಿದ್ದ ದಿನ ಉಕ್ಕಿ, ಮೊದಲ ಹೊಲದವರು ಬೈಯುವರು. ಇಪ್ಪತ್ತೆರಡು ವರ್ಷ ಇಬ್ಬರ ಬೈಗುಳವನ್ನೂ ಸಮನಾಗಿ ತಿಂದು ಬಾಳಿದ ಮನುಷ್ಯ.

ಇದಕ್ಕೆ ನನ್ನ ಬಳಿ ಔಷಧವಿತ್ತು. ಅಂಗೈಯಗಲದ ರೇಡಿಯೊ, ಒಂದು ಲಿಥಿಯಂ ಸೆಲ್ಲು, ಪುಸ್ತಕದಷ್ಟು ಸೋಲಾರ್ ಪ್ಲೇಟು, ಇವನ್ನೆಲ್ಲ ಹಿಡಿಸುವ ಪ್ಲಾಸ್ಟಿಕ್ ಪೆಟ್ಟಿಗೆ. ಟವರು ಬೇಡ, ಸಿಮ್ಮು ಬೇಡ. ಎಂಟುನೂರ ಅರವತ್ತೈದು ಮೆಗಾಹರ್ಟ್ಸಿನ ಪಟ್ಟಿಯನ್ನು ಸರ್ಕಾರವೇ ಲೈಸನ್ಸಿಲ್ಲದೆ ಬಳಸಲು ಬಿಟ್ಟಿದೆ. ಒಂದು ಪೆಟ್ಟಿಗೆ ಆಡಿದ್ದನ್ನು ಇನ್ನೊಂದು ಕೇಳಿ ಮುಂದಿನದಕ್ಕೆ ದಾಟಿಸುತ್ತದೆ. ಹೀಗೆ ಪೆಟ್ಟಿಗೆಗಳದೇ ಒಂದು ಜಾಲ. ಒಳಗಿನ ಪ್ರೋಗ್ರಾಮು ಮುಕ್ತ ತಂತ್ರಾಂಶ. ಜಗತ್ತಿನ ಹತ್ತು ಮೂಲೆಯ ಜನ ಒಬ್ಬರ ಮುಖ ಒಬ್ಬರು ನೋಡದೆ ಬರೆದು, ಯಾರಾದರೂ ಬಳಸಿ, ಬೇಕಾದರೆ ತಿದ್ದಿ ಎಂದು ಬಿಟ್ಟುಕೊಟ್ಟದ್ದು.

“ಪುಕ್ಕಟೆ ಕೊಟ್ಟಾರಂದ್ರ ಒಳಗ ಏನರೆ ಐಬು ಇರಬೇಕಲ್ರಿ?” ಎಂದರು ಚೇರಮನ್ನರು.

“ಇದ್ರ ಆ ಐಬೂ ಪುಕ್ಕಟೇನ ರಿ,” ಎಂದೆ. ಒಪ್ಪಿದರು.

ಮುಂದಿನ ಎರಡು ವಾರ ನನ್ನ ಸ್ಕೂಟರಿಗೆ ಮರೆಯಲಾಗದವು. ಹೊಳೆಗೂ ಟಾಕಿಗೂ ನಡುವೆ ಒಂದು ಕಲ್ಲುಗುಡ್ಡ ಅಡ್ಡ ಮಲಗಿದೆ. ಅದರ ನೆತ್ತಿಯಲ್ಲಿ ಒಂದು ಪೆಟ್ಟಿಗೆ ನಿಲ್ಲಿಸಿದರೆ ಹೊಳೆ ಕೇಳುತ್ತದೆ, ಟಾಕಿ ಕೇಳುವುದಿಲ್ಲ. ಮೂವತ್ತು ಹೆಜ್ಜೆ ಮೂಡಣಕ್ಕೆ ಸರಿದರೆ ಟಾಕಿ ಕೇಳುತ್ತದೆ, ಹೊಳೆ ಮುನಿಸಿಕೊಳ್ಳುತ್ತದೆ. ಚಾಚಾ ಇಪ್ಪತ್ತಡಿ ಪೈಪು ಹೆಗಲಿಗಿಟ್ಟು ನಿಂತಿರುವರು. ನಾನು ಮೊಬೈಲ್ ಹಿಡಿದು ಸಿಗ್ನಲ್ಲಿನ ಅಂಕಿ ಓದುತ್ತ ‘ಹಿಂದ, ಇನ್ನೂ ಹಿಂದ’ ಎನ್ನುವೆ. ಮೂರನೆಯ ದಿನ ಒಂದು ಬಂಡೆಯ ಮೇಲೆ ಎರಡೂ ಕಡೆ ಒಟ್ಟಿಗೆ ಕೇಳಿದವು. ಇನ್ನೊಂದು ಪೆಟ್ಟಿಗೆಯನ್ನು ಮೇಲಿನ ಊರಿನ ಕುಡಿಯುವ ನೀರಿನ ಎತ್ತರದ ಟಾಕಿಯ ಮೇಲೆ ಕಟ್ಟಿದೆ. ಅದರ ಆಂಟೆನಾವನ್ನು ಮೊದಲ ದಿನವೇ ಮಂಗಗಳು ಕಿತ್ತು ಅಗಿದು ನೋಡಿ, ರುಚಿಸದೆ ಎಸೆದಿದ್ದವು. ಹೊಸದು ಹಾಕಿ, ಸುತ್ತ ಜಾಲಿಮುಳ್ಳು ಬಿಗಿದೆವು.

ನೀರಾವರಿ ಟಾಕಿಯಲ್ಲಿ ಒಂದು ತೇಲುಚೆಂಡು. ನೀರು ಏರಿ ಚೆಂಡನ್ನು ಎತ್ತಿದರೆ ಅಲ್ಲಿನ ಪೆಟ್ಟಿಗೆ ‘ತುಂಬಿದೆ’ ಎನ್ನುತ್ತದೆ. ಆ ಮಾತು ಊರು, ಗುಡ್ಡ ದಾಟಿ ಹೊಳೆಗಿಳಿದು, ಪಂಪ್‌ಹೌಸಿನ ಗೋಡೆಗೆ ಬಿಗಿದ ಗಂಟೆಯನ್ನು ಬಾರಿಸುತ್ತದೆ. ಗಂಟೆ ನನ್ನ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಳೆಯ ಎಲೆಕ್ಟ್ರಿಕ್ ಗಂಟೆ. ಅದರ ದನಿಗೆ ಹೊಳೆಯಾಚೆಯ ಎಮ್ಮೆಗಳೂ ತಲೆಯೆತ್ತುತ್ತಿದ್ದವು. ನಾಲ್ಕು ದಿನ ಪರೀಕ್ಷೆ ಮಾಡಿದೆವು. ಚೆಂಡನ್ನು ಕೈಯಿಂದ ಮೂವತ್ತು ಸಲ ಎತ್ತಿಸಿದೆ, ಗಂಟೆ ಮೂವತ್ತು ಸಲ ಬಡಿಯಿತು. ಪ್ರತಿಯೊಂದನ್ನೂ ಚಾಚಾ ತಮ್ಮ ಪಂಪಿನ ರಜಿಸ್ಟರಿನಲ್ಲಿ ವೇಳೆ ಸಮೇತ ಬರೆದರು. ಅವರಿಗೆ ನಾನು ಗಂಭೀರವಾಗಿ ಅಪ್ಪಣೆ ಕೊಡಿಸಿದೆ: “ಇನ್ನ ಮ್ಯಾಲ ಅಂದಾಜು ಬಂದ್, ಭಾಯಿ. ಗಂಟಿ ಬಡಿಯೂತನಕ ಪಂಪ್ ಮುಟ್ಟಬ್ಯಾಡ್ರಿ.”

“ಆತ್ರಿ ಸಾಹೇಬ್ರ. ಗಂಟಿ ಹೇಳಿದಂಗ.”

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಕಮಿಟಿಯಲ್ಲಿ ಏಳು ಸದಸ್ಯರು, ಎಲ್ಲರದೂ ಮೇಲಿನ ಊರೇ. ಟಾಕಿಯಲ್ಲಿ ಎಷ್ಟು ನೀರಿದೆಯೆಂದು ತಮ್ಮ ಮನೆಯಲ್ಲೇ ಮೊಬೈಲಿನಲ್ಲಿ ಕಾಣಬೇಕು, ಅದೂ ನಿಮಿಷ ನಿಮಿಷಕ್ಕೆ ಕಾಣಬೇಕು ಎಂದು ಅವರು ಬಯಸಿದರು. ಟಾಕಿಗೆ ಮಟ್ಟ ಅಳೆಯುವ ಸೆನ್ಸರು, ಏಳು ಮನೆಗಳ ಮಾಳಿಗೆಗೆ ಬ್ಲೂಟೂತಿನಲ್ಲಿ ಮೊಬೈಲಿಗೆ ಮಾತಾಡುವ ಏಳು ಪೆಟ್ಟಿಗೆ ಬಂದವು. ಈ ಜಾಲದಲ್ಲಿ ಪೆಟ್ಟಿಗೆಗೆ ಎರಡು ಬಗೆಯ ಕೆಲಸ ಕೊಡಬಹುದು. ನಾನು ಹಳೆಯ ಟೆಲಿಫೋನ್ ಇಲಾಖೆಯ ಚಟಕ್ಕೆ ಬಿದ್ದು ಚೀಟಿ ಬರೆದು ಅಂಟಿಸಿದೆ: ಗುಡ್ಡದ್ದಕ್ಕೂ ಎತ್ತರದ ಟಾಕಿಯದ್ದಕ್ಕೂ ‘ಮುಖ್ಯ’, ಉಳಿದವಕ್ಕೆಲ್ಲ ‘ಸಾದಾ’.

ಸಾದಾ ಪೆಟ್ಟಿಗೆ ಸಭ್ಯವಾದದ್ದು. ಒಂದು ಮಾತು ಕೇಳಿಸಿದರೆ ಅದು ತುಸು ತಡೆಯುತ್ತದೆ. ಅದನ್ನು ಬೇರೆ ಯಾರಾದರೂ ಮುಂದಕ್ಕೆ ಹೇಳಿದ್ದು ಕಿವಿಗೆ ಬಿದ್ದರೆ ತಾನು ಸುಮ್ಮನಾಗುತ್ತದೆ. ಮುಖ್ಯ ಪೆಟ್ಟಿಗೆ ಹಾಗಲ್ಲ. ಯಾರು ಹೇಳಿರಲಿ ಬಿಡಲಿ, ತಾನೂ ಒಮ್ಮೆ ಹೇಳಿಯೇ ತೀರುತ್ತದೆ. ಆದ್ದರಿಂದ ಇಡೀ ಜಾಲಕ್ಕೆ ಮುಖ್ಯ ಪೆಟ್ಟಿಗೆಗಳು ಒಂದೆರಡು ಇರಬೇಕು, ಅವೂ ಗುಡ್ಡದಂಥ ಎತ್ತರದಲ್ಲಿರಬೇಕು ಎಂದು ತಂತ್ರಾಂಶ ಬರೆದವರು ಸ್ಪಷ್ಟವಾಗಿ ಎಚ್ಚರಿಸಿದ್ದಾರೆ. ಅದನ್ನು ನಾನು ಕನ್ನಡಕ ಒರೆಸಿಕೊಂಡು ಓದಿದ್ದೆ.

ಮೊದಲು ಕೇಳಿದವರು ಕಿರಾಣಿ ಅಂಗಡಿಯ ಸದಸ್ಯರು. ಮಾಳಿಗೆ ಹತ್ತಿ ಚೀಟಿ ಓದಿ ಇಳಿದು ಬಂದು, “ಏನ್ರಿ ಸಾಹೇಬ್ರ, ಗುಡ್ಡದ ಮ್ಯಾಲ ಮಂಗ್ಯಾನ ಹಂತ್ಯಾಕ ಮುಖ್ಯ, ನಮ್ಮ ಮನೀ ಮ್ಯಾಲ ಸಾದಾ?” ಎಂದರು.

ವಿವರಿಸಿದೆ. ಅವರು ತಲೆಯಾಡಿಸಿ, “ಅದೆಲ್ಲಾ ಖರೆ. ಆದ್ರ ಬೀಗರು ಮಾಳಿಗಿ ಹತ್ತಿ ಓದಿದ್ರ ಏನಂತ ತಿಳೀಬೇಕು?” ಎಂದರು. ಇದಕ್ಕೆ ಯಾವ ತಂತ್ರಾಂಶದ ಕೈಪಿಡಿಯಲ್ಲೂ ಉತ್ತರವಿಲ್ಲ. ಮೊಬೈಲಿನಲ್ಲಿ ಒಂದು ಒತ್ತು, ಚೀಟಿಯ ಮೇಲೆ ಒಂದು ಹೊಸ ಚೀಟಿ. ಒಬ್ಬರ ಮನೆಗೆ ಮುಖ್ಯ ಬಂದ ಮೇಲೆ ಎದುರುಮನೆ ಸಾದಾ ಉಳಿದೀತೇ? ಸಂಜೆಯೊಳಗೆ ಏಳೂ ಮನೆಗಳು ಮುಖ್ಯವಾಗಿದ್ದವು. ಚೇರಮನ್ನರು ಮಾತ್ರ ಏನೂ ಕೇಳಲಿಲ್ಲ. “ನಂದು ಹೆಂಗೂ ಮುಖ್ಯ ಇರ್ತೈತಿ, ಚೇರಮನ್ನನ ಮನೀ ಅಲ್ಲೇನು?” ಎಂದು ತಾವೇ ಖಾತ್ರಿ ಮಾಡಿಕೊಂಡಿದ್ದರು.

ಮರುದಿನ ಕಾಯಿ ಒಡೆದರು. ಚೆಂಡು ಎತ್ತಿಸಿದೆವು, ಗಂಟೆ ಬಡಿಯಿತು. ಒಂದೇ ಸಲ ನೋಡಿದೆವು, ಪೇಡೆ ಹಂಚಿದೆವು.

ಮೊದಲ ನೀರಿನ ದಿನ ಕರೆಂಟಿನ ಪಾಳಿ ಬೆಳಿಗ್ಗೆ ಹತ್ತಕ್ಕೆ. ನಾನು ಮೇಲೆ ಟಾಕಿಯ ಕಟ್ಟೆಯ ಮೇಲಿದ್ದೆ. ಮಧ್ಯಾಹ್ನ ಎರಡಕ್ಕೆ ಸ್ವಲ್ಪ ಮೊದಲು ಚೆಂಡು ಎದ್ದಿತು. ಮೊಬೈಲಿನಲ್ಲಿ ‘ತುಂಬಿದೆ’ ಎಂದು ಕಾಣಿಸಿತು. ಇನ್ನೆರಡು ನಿಮಿಷಕ್ಕೆ ಪೈಪಿನ ಸದ್ದು ನಿಲ್ಲಬೇಕು. ನಿಲ್ಲಲಿಲ್ಲ. ಐದು ನಿಮಿಷವಾಯಿತು. ಪೆಟ್ಟಿಗೆ ಮತ್ತೆ ಮತ್ತೆ ಹೇಳುತ್ತಿತ್ತು. ನೀರು ಮತ್ತೆ ಮತ್ತೆ ಬರುತ್ತಿತ್ತು. ನೀರು ಕಟ್ಟೆಯಂಚಿಗೆ ಬಂದು ನನ್ನ ಚಪ್ಪಲಿ ತೊಯ್ದಾಗ ಸ್ಕೂಟರ್ ಹತ್ತಿದೆ. ಗುಡ್ಡ ಸುತ್ತಿ ಇಳಿಯುವ ಆ ಕಚ್ಚಾ ರಸ್ತೆಯಲ್ಲಿ ಯಾವ ಅವಸರಕ್ಕೂ ಕಾಲು ತಾಸಿಗಿಂತ ಕಡಿಮೆ ವೇಳೆ ಸಾಲದು.

ಚಾಚಾ ಗಂಟೆಯ ಎದುರಿಗೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ರಜಿಸ್ಟರು, ಕಣ್ಣು ಗಂಟೆಯ ಮೇಲೆ. ಪರೀಕ್ಷೆಯ ಫಲಿತಾಂಶ ಕಾಯುವವರ ಹಾಗೆ. ನನ್ನನ್ನು ಕಂಡು ಎದ್ದು, “ಬಡೀಲಿಲ್ಲಲ್ರಿ ಸಾಹೇಬ್ರ,” ಎಂದರು. ನಾನು ಕೈಬೀಸುವುದರೊಳಗೆ ಸ್ಟಾರ್ಟರ್ ಎಳೆದು ಪಂಪು ನಿಲ್ಲಿಸಿದ್ದರು.

ಮೇಲೆ ಅಷ್ಟರಲ್ಲಿ ಕಾಲುವೆಯ ದಂಡೆ ಎರಡು ಮಾರು ಕಿತ್ತುಹೋಗಿತ್ತು. ನೀರು ಕೆಳಗಿನ ಕಣಕ್ಕೆ ನುಗ್ಗಿ ಅಲ್ಲಿ ಒಣಗಲು ಹರಡಿದ್ದ ಗೋವಿನಜೋಳದ ರಾಶಿಯನ್ನು ನೆನೆಸಿ ಮುಂದೆ ಹೋಗಿತ್ತು. ಕಣ ಕಮಿಟಿಯ ಏಕೈಕ ಹೆಣ್ಣು ಸದಸ್ಯೆಯದು. ಅವರನ್ನು ಊರಲ್ಲಿ ಅಕ್ಕಾರ ಎನ್ನುತ್ತಾರೆ. ಸೀರೆಯ ನೆರಿಗೆ ಎತ್ತಿ ಕಟ್ಟಿ, ಯಾರನ್ನೂ ಬೈಯದೆ, ಬುಟ್ಟಿಯಲ್ಲಿ ಕಾಳು ಬಾಚುತ್ತಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಚೇರಮನ್ನರು ತಮ್ಮ ಮೊಬೈಲ್ ಎತ್ತಿ ಎಲ್ಲರಿಗೂ ತೋರಿಸಿದರು. “ನನ್ನ ಮನ್ಯಾಗ ಬಂದೈತಿ, ‘ತುಂಬಿದೆ’ ಅಂತ. ಏಳೂ ಮನ್ಯಾಗ ಬಂದೈತಿ. ಇವಂಗ ಒಬ್ಬಂಗ ಹೆಂಗ ಬರಲಿಲ್ಲ? ಗಂಟಿ ಬಡದೈತಿ, ಇವ ಮಕ್ಕೊಂಡಾನ.”

“ಮಕ್ಕೊಂಡಿಲ್ರಿ ಗೌಡ್ರ.”

“ಸಾಹೇಬ್ರ, ನೀವ ಹೇಳ್ರಿ. ನಿಮ್ಮ ಗಂಟಿ ಸುಳ್ಳ ಹೇಳತೈತೇನು?”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು, “ನೋಡಿ ಹೇಳತೇನಿ,” ಎಂದೆ. ಇಲಾಖೆಯಲ್ಲಿ ಕಲಿತ ವಿದ್ಯೆಗಳಲ್ಲಿ ಈ ವಾಕ್ಯವೇ ನನಗೆ ಹೆಚ್ಚು ಕಾಲ ಅನ್ನ ಹಾಕಿದೆ. ಬರುವ ಸೋಮವಾರ ಕಮಿಟಿ ಕೂಡಿ ಠರಾವಿನಂತೆ ನಡೆಯುವುದೆಂದಾಯಿತು.

ಗುಡ್ಡ ಹತ್ತಿ ಅಲ್ಲಿನ ಪೆಟ್ಟಿಗೆಯ ದಾಖಲೆ ಓದಿದೆ. ಟಾಕಿಯ ಪೆಟ್ಟಿಗೆ ಒಂದು ಮಾತಾಡಿದರೆ ಊರಿನ ಎಂಟು ಮುಖ್ಯ ಪೆಟ್ಟಿಗೆಗಳೂ ಅದನ್ನು ಸರದಿಯಂತೆ ಮತ್ತೆ ಆಡುತ್ತಿದ್ದವು. ದೂರ ಮುಟ್ಟಲೆಂದು ನಾನೇ ನಿಧಾನದ ವೇಗ ಇಟ್ಟಿದ್ದರಿಂದ ಒಂದೊಂದು ಮಾತಿಗೂ ಎಂಟೆಂಟು ಸೆಕೆಂಡು. ಅವು ಮುಗಿಯುವ ಮೊದಲೇ ಮುಂದಿನ ನಿಮಿಷದ ನೀರಿನ ಮಟ್ಟ. ಸಾಲದ್ದಕ್ಕೆ ಪ್ರತಿ ಪೆಟ್ಟಿಗೆ ತನ್ನ ಬ್ಯಾಟರಿಯ ಆರೋಗ್ಯವನ್ನೂ ಜಗತ್ತಿಗೆ ಸಾರುತ್ತಿತ್ತು. ಮನೆಗಳು ಟಾಕಿಯ ಪಕ್ಕದಲ್ಲೇ ಇದ್ದುದರಿಂದ ಅವಕ್ಕೆ ನೇರವಾಗಿ ಕೇಳಿಸಿತು. ಗುಡ್ಡಕ್ಕೆ ಮಾತ್ರ ಎಲ್ಲರ ದನಿ ಒಂದರ ಮೇಲೊಂದು ಬಿದ್ದು ಬರೀ ಗದ್ದಲ. ಗುಡ್ಡ ಕೇಳದಿದ್ದರೆ ಹೊಳೆಗೆ ಹೇಳುವವರಿಲ್ಲ. ‘ತುಂಬಿದೆ’ ಎಂಬ ಮಾತು ಪಂಪ್‌ಹೌಸಿಗೆ ಆ ದಿನ ಒಮ್ಮೆಯೂ ಇಳಿದಿರಲಿಲ್ಲ.

ಕಾರಣ ತಿಳಿಯಲು ಅರ್ಧ ತಾಸು ಸಾಕಾಯಿತು. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಒಂದು ವಾರ ಹಿಡಿಯಿತು.

ಆ ವಾರ ನಾನು ಕೂತಲ್ಲಿ ಕೂರಲಿಲ್ಲ. ಬೇಡದ ವೈರು ತರಲು ಎಂ.ಕೆ. ಹುಬ್ಬಳ್ಳಿಗೆ ಹೋದೆ, ಕಬ್ಬಿನ ಗಾಡಿಗಳ ಹಿಂದೆ ಒಂದು ತಾಸು ಸಿಕ್ಕಿಕೊಂಡು ಅದನ್ನೂ ತರದೆ ಬಂದೆ. ಕಿತ್ತೂರಿನಲ್ಲಿ ಒಬ್ಬರ ಇನ್ವರ್ಟರ್ ಬಿಚ್ಚಿ, ಜೋಡಿಸಿ, ಒಂದು ಸ್ಕ್ರೂ ಉಳಿಸಿಕೊಂಡು ಬಂದೆ. ಅಷ್ಟರ ನಡುವೆ ತಲೆಯಲ್ಲಿ ಒಂದು ಸುಲಭದ ದಾರಿ ಸುಳಿದಾಡುತ್ತಲೇ ಇತ್ತು. ಸ್ಕೂಟರ್ ಮೇಲೆ ಊರಿನ ಓಣಿಯಲ್ಲಿ ಒಂದು ಸುತ್ತು ಬಂದರೆ ಸಾಕು. ಬೀದಿಯಿಂದಲೇ ಮೊಬೈಲಿನಲ್ಲಿ ಏಳೂ ಪೆಟ್ಟಿಗೆಗಳನ್ನು ಒಳಗಿಂದೊಳಗೆ ಸಾದಾ ಮಾಡಬಹುದು. ಹೊರಗೆ ‘ಮುಖ್ಯ’ ಚೀಟಿ ಹಾಗೇ ಇರಲಿ. ಮಾನವೂ ಉಳಿಯಿತು, ಜಾಲವೂ ನಡೆಯಿತು. ಗಂಟೆ ಬಡಿಯುತ್ತದೆ, ಯಾರೂ ಕೇಳುವುದಿಲ್ಲ. ಈ ಏರ್ಪಾಡಿನಲ್ಲಿ ಒಂದೇ ಒಂದು ಕೊರತೆಯಿತ್ತು: ಗಂಟೆ ಸರಿಯಾಗಿ ಬಡಿದಷ್ಟೂ ಮೊದಲ ದಿನ ಚಾಚಾ ಮಲಗಿದ್ದರೆಂಬುದು ಗಟ್ಟಿಯಾಗುತ್ತ ಹೋಗುತ್ತದೆ.

ಶನಿವಾರ ಅವರು ಬಸ್ಸು ಹತ್ತಿ ಅಂಗಡಿಗೆ ಬಂದರು. ಕೂತು ಫ್ಯಾನು ನೋಡಿದರು. ಆಮೇಲೆ, “ಒಂದ ಕೇಳತೇನಿ, ಖರೆ ಹೇಳ್ರಿ. ಗಂಟಿ ಬಡದಿತ್ತೇನು? ಎಲ್ಲಾರೂ ಬಡದಿತ್ತು ಅಂತಾರ. ಕೇಳಿ ಕೇಳಿ ಈಗ ನನಗ ಅನಮಾನ ಬರಾಕತ್ತೈತಿ. ಮನ್ಯಾಗ ಆಕಿನೂ ಕೇಳತಾಳ, ‘ಖರೇನ ಕಣ್ಣ ಮುಚ್ಚಿದ್ರೇನು?’ ಅಂತ,” ಎಂದರು.

“ಬಡದಿಲ್ಲ, ಭಾಯಿ.”

ಅವರು ಉಸಿರು ಬಿಟ್ಟು, ಚೀಲದಿಂದ ಪಂಪಿನ ರಜಿಸ್ಟರು ತೆಗೆದು ಟೇಬಲ್ಲಿನ ಮೇಲಿಟ್ಟರು. ಆ ದಿನದ ಪುಟ ತೆರೆದೆ. ‘ಹತ್ತಕ್ಕ ಚಾಲೂ. ಎರಡಕ್ಕ ಬಂದ್ ಮಾಡೂ ವ್ಯಾಳ್ಯಾ ಆತು. ಸಾಹೇಬ್ರು ಗಂಟಿ ಬಡಿಯೂತನಕ ಮುಟ್ಟಬ್ಯಾಡ ಅಂದಾರ. ಕಾಯಾಕತ್ತೇನಿ.’ ಅದರ ಕೆಳಗೆ ಐದೈದು ನಿಮಿಷಕ್ಕೆ ಒಂದೊಂದು ಸಾಲು: ‘ಗಂಟಿ ಇಲ್ಲ.’ ‘ಗಂಟಿ ಇಲ್ಲ.’ ‘ಗಂಟಿ ಇಲ್ಲ.’

“ಇದನ್ನ ಕಮಿಟಿಗೆ ಯಾಕ ತೋರಿಸ್ಲಿಲ್ಲ?”

“ತೋರಿಸಿದ್ರ ನಿಮ್ಮ ಹೆಸರು ಬರತೈತಲ್ರಿ. ಅದಕ್ಕ ಮೊದಲ ನಿಮಗ ತೋರಿಸೂಣು ಅಂತ ಬಂದೇನಿ. ಇಟಗೋರಿ. ಬೇಕಂದ್ರ ತರ್ರಿ, ಬ್ಯಾಡಂದ್ರ ಬಿಡ್ರಿ.”

ರಜಿಸ್ಟರು ಬಿಟ್ಟು ಹೋದರು. ಅಂಗಡಿಯಲ್ಲಿ ಅದಕ್ಕೊಂದು ಜಾಗ ಹುಡುಕಿದೆ. ಎಲ್ಲಿಟ್ಟರೂ ಕಣ್ಣಿಗೆ ಬೀಳುತ್ತಿತ್ತು.

ಸೋಮವಾರದ ಸಭೆಯನ್ನು ಪಂಪ್‌ಹೌಸಿನಲ್ಲೇ ಕರೆಯಬೇಕೆಂದು ಚೇರಮನ್ನರನ್ನು ಬೇಡಿಕೊಂಡೆ. ಪೆಟ್ಟಿಗೆಗಳನ್ನು ಮುಟ್ಟಲಿಲ್ಲ, ಇದ್ದಂತೆಯೇ ಬಿಟ್ಟಿದ್ದೆ. ಮೇಲೆ ಕಾಲುವೆ ನೋಡಿಕೊಳ್ಳುವವನಿಗೆ ಹೇಳಿ, ಹನ್ನೊಂದರಿಂದ ಐದೈದು ನಿಮಿಷಕ್ಕೊಮ್ಮೆ ಹತ್ತು ಸಲ ಚೆಂಡು ಎತ್ತಿಸುವ ಏರ್ಪಾಡು ಮಾಡಿದ್ದೆ. ಏಳು ಜನ ಹಿರಿಯರು ಚಾಪೆಯ ಮೇಲೆ ಸಾಲಾಗಿ ಕೂತು ಒಂದು ಗಂಟೆಯನ್ನು ದಿಟ್ಟಿಸಿದ ಆ ದೃಶ್ಯದ ಗಾಂಭೀರ್ಯ ಯಾವ ವಿಧಾನಸಭೆಗೂ ಬರಲಾರದು. ಮೊದಲ ಐದು ನಿಮಿಷ, ಮೌನ. ಎರಡನೆಯದು, ಮೌನ. ಕಿರಾಣಿಯವರು ಎಲೆ ಅಡಿಕೆ ತೆಗೆದರು. ಐದನೆಯ ಸಲ ಗಂಟೆ ಒಮ್ಮೆಲೇ ಬಡಿದು ಎಲ್ಲರೂ ಬೆಚ್ಚಿಬಿದ್ದರು. ಎಂಟನೆಯ ಸಲ ಇನ್ನೊಮ್ಮೆ ಬಡಿಯಿತು, ಅಷ್ಟೇ. ಹತ್ತರಲ್ಲಿ ಎರಡು.

ನಾನು ರಜಿಸ್ಟರು ತೆರೆದು ಆ ಪುಟವನ್ನು ‘ಗಂಟಿ ಇಲ್ಲ’ಗಳ ಸಮೇತ ಓದಿದೆ. ಎಂಟು ಬಾಯಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ ಗುಡ್ಡದ ಕಿವಿ ಹೇಗೆ ಕಿವುಡಾಗುತ್ತದೆಂದು ವಿವರಿಸಿದೆ.

“ಅಂದ್ರ ತಪ್ಪು ನಮ್ಮದು ಅಂತೀರೇನು?” ಎಂದರು ಚೇರಮನ್ನರು.

“ನಂದು ರಿ. ನೀವು ಕೇಳಿದ್ರಿ, ನಾ ಆಗೂದಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಗಂಟಿ ಬಡಿಯೂತನಕ ಮುಟ್ಟಬ್ಯಾಡ ಅಂತ ಇವ್ರಿಗೆ ಹೇಳಿದಾಂವನೂ ನಾನ. ಆ ದಿನ ನೀವು ಕೇಳಿದಾಗ ಸುಮ್ಮನಿದ್ದಾಂವನೂ ನಾನ. ಈಗ ಏಳೂ ಮನೀವು ಸಾದಾ ಆಗಬೇಕು, ಮಟ್ಟ ಹೇಳೂದು ಕಾಲು ತಾಸಿಗೊಮ್ಮೆ ಆಗಬೇಕು. ಇಲ್ಲಂದ್ರ ಗಂಟಿ ಬಿಚ್ಚಿಕೊಂಡ ಹೋಗತೇನಿ.”

ಏಳು ಮಾಳಿಗೆಗಳ ಮಾನ ಚಾಪೆಯ ಮೇಲೆ ಕೂತಿತ್ತು. ಮೊದಲು ಏಳುವವರು ಯಾರು?

ಅಕ್ಕಾರ ಎದ್ದರು. “ಮೊದಲ ನಂದು ಸಾದಾ ಮಾಡ್ರಿ. ಮುಖ್ಯ ಇಟಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲೇನು? ನನ್ನ ಗೋವಿನಜೋಳ ತೊಯ್ಸಿದಾವ ಚಾಚಾ ಅಲ್ಲ, ನಮ್ಮ ಏಳು ಪೆಟ್ಟಿಗಿ. ಅದ್ರಾಗ ನಂದೂ ಒಂದು.” ಬಳಿಕ ಕಿರಾಣಿಯವರ ಕಡೆ ತಿರುಗಿ, “ನಿಮ್ಮ ಬೀಗರು ಓದಾಕ ಬಂದ್ರ ನನ್ನ ಮಾಳಿಗಿ ಹತ್ತಾಕ ಹೇಳ್ರಿ, ಅಲ್ಲಿ ಚೀಟೀನ ಇರೂದಿಲ್ಲ,” ಎಂದರು.

ನಗು ಎದ್ದಿತು. ನಕ್ಕವರು ಒಪ್ಪಿದಂತೆಯೇ. ಚೇರಮನ್ನರು ನಗಲಿಲ್ಲ, ಬೇಡವೆನ್ನಲೂ ಇಲ್ಲ.

ಮನೆಮನೆಗೆ ಹೋಗಿ, ಎದುರಿಗೇ ಬದಲಿಸಿ, ಚೀಟಿ ಕಿತ್ತೆ. ನಮ್ಮ ಕಡೆ ಒಬ್ಬರ ಮನೆಗೆ ಹೋಗಿ ಅವರ ದರ್ಜೆ ಇಳಿಸಿದರೂ ಚಹಾ ಕುಡಿಯದೆ ಹೊರಬರುವಂತಿಲ್ಲ; ಆರು ಮನೆ, ಆರು ಕಪ್. ಏಳನೆಯದು ಚೇರಮನ್ನರದು. ಅಲ್ಲಿ ಚಹಾ ಬರಲಿಲ್ಲ. “ಮಾಡ್ರಿ,” ಎಂದು ಒಂದೇ ಮಾತು ಹೇಳಿ ಅವರು ಒಳಗೆ ಹೋದರು. ಸಂಜೆಗೆ ಮೊದಲು ಚೆಂಡನ್ನು ಮತ್ತೆ ಹತ್ತು ಸಲ ಎತ್ತಿಸಿದೆ. ಹತ್ತೂ ಸಲ ಗಂಟೆ ಬಡಿಯಿತು. ಚಾಚಾರನ್ನು ತೆಗೆಯುವ ಠರಾವನ್ನು ಕಮಿಟಿ ಅದೇ ದಿನ ರದ್ದು ಮಾಡಿತು. ಚೇರಮನ್ನರು ನನ್ನೊಡನೆ ಈಗಲೂ ಮಾತಾಡುವುದಿಲ್ಲ.

ಮರುದಿನ ಪಾಳಿ ಹತ್ತಕ್ಕೆ ಶುರುವಾಯಿತು. ನಾಲ್ಕು ತಾಸು ಆರು ನಿಮಿಷಕ್ಕೆ ಟಾಕಿ ತುಂಬಿತು, ಗಂಟೆ ಬಡಿಯಿತು, ಚಾಚಾ ಪಂಪು ಬಂದ್ ಮಾಡಿ ವೇಳೆ ಬರೆದುಕೊಂಡರು.